ಕಿವಿರು

ಬೆಲೆ ಸಾವಿರದ ಎಂಟುನೂರು.
ಭಾನುವಾರ ರಾತ್ರಿ ಹನ್ನೆರಡರವರೆಗೆ ಮಾತ್ರ
ಸಾವಿರದ ಎಂಬತ್ತು.

ಬಂಗಡೆಯಾದರೆ ನನಗೆ ಗೊತ್ತು.
ಕಿವಿರು ಎತ್ತಿ ನೋಡುತ್ತೇನೆ, ಕೆಂಪಿದೆಯೋ ಇಲ್ಲವೋ,
ಹೊಟ್ಟೆ ಒತ್ತುತ್ತೇನೆ, ಬೆರಳಿನ ಗುರುತು ಉಳಿದರೆ
ಮುಂದಿನ ಬುಟ್ಟಿಗೆ ನಡೆಯುತ್ತೇನೆ.
ಮುನ್ನೂರು ಗ್ರಹ, ಏಳು ಕುಲ, ಅಳತೆಗೆಟ್ಟ ಕತ್ತಲೆ,
ಇದಕ್ಕೆ ಕಿವಿರು ಎಲ್ಲಿ?

ಬೈತಖೋಲಿನ ಐಸ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ನನ್ನದು.
ಜೂನ್ ಒಂದರಿಂದ ಬೋಟು ಕಡಲಿಗಿಲ್ಲ,
ಬೋಟಿಲ್ಲದೆ ಮೀನಿಲ್ಲ, ಮೀನಿಲ್ಲದೆ ಐಸಿಲ್ಲ,
ಅರ್ಧ ಪಗಾರು, ಪೂರ್ತಿ ನಿದ್ದೆಗೇಡು.
ಅಮೋನಿಯಾ ಕೊಳವೆಗಳು ಸುಮ್ಮನಿರುವುದನ್ನು
ಕಾಯುವುದೇ ಕೆಲಸ.
ಲ್ಯಾಪ್‌ಟಾಪಿನ ಕೀಲು ಮುರಿದಿದೆ,
ಉಪ್ಪಿನ ಚೀಲಕ್ಕೆ ಒರಗಿಸಿದರೆ ನಿಲ್ಲುತ್ತದೆ.

ಕಾಜುಬಾಗದ ಮುಜಮ್ಮಿಲನ ಹತ್ತಿರ ಈ ಆಟ ಉಂಟು.
ಪ್ರಿಂಟರ್ ಬಿಚ್ಚುತ್ತಲೇ ಹೇಳಿದ:
‘ಮೊದಲ ಇಪ್ಪತ್ತು ತಾಸು ಬೆಣ್ಣೆ.
ಆಮೇಲೆ ಗ್ರಹ ನಲವತ್ತಾದವು ಅನ್ನು,
ಒಂದರಲ್ಲಿ ಅನ್ನ ಕಮ್ಮಿ, ಒಂದರಲ್ಲಿ ದಂಗೆ,
ಒಂದರ ಗವರ್ನರನಿಗೆ ನಿನ್ನ ಮೇಲೆ ಮುನಿಸು.
ನೀನು ಚಕ್ರವರ್ತಿ ಅಲ್ಲ ಮಾರಾಯ,
ತಾಲೂಕಾಫೀಸಿನ ಗುಮಾಸ್ತ.
ಶತ್ರು ದಡ್ಡ. ಯುದ್ಧ ಗೆಲ್ಲುತ್ತಿ,
ಯಾಕೆ ಗೆದ್ದೆ ಅಂತ ಗೊತ್ತಾಗುವುದಿಲ್ಲ.’
ಹಾಗಾದರೆ ಬೇಡವಾ, ಕೇಳಿದೆ.
‘ನಾನು ಮುನ್ನೂರ ಹತ್ತು ತಾಸು ಆಡಿದ್ದೇನೆ’ ಎಂದ,
ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡು.

ಲೆಕ್ಕ ಹಾಕಿದೆ.
ಇಪ್ಪತ್ತು ತಾಸಾದರೆ, ತಾಸಿಗೆ ಐವತ್ತನಾಲ್ಕು ರೂಪಾಯಿ.
ಮುನ್ನೂರ ಹತ್ತಾದರೆ ಮೂರೂವರೆ,
ಅರ್ಧ ಚಹಾಕ್ಕೂ ಸಾಲದು.
ಪ್ರಾಜಕ್ತಾ ಹಾಳೆಯ ಮೇಲೆ ಬಗ್ಗಿ ನೋಡಿ ಕೇಳಿದಳು:
‘ನಿಮ್ಮ ಹಗಲು ನಿದ್ದೆಗೆ ತಾಸಿಗೆ ಎಷ್ಟು ಹಿಡಿದಿರಿ?’
ಆ ಕಾಲಂ ಖಾಲಿ ಉಳಿಯಿತು.

ಐವತ್ತು ಸರದಿಯವರೆಗೆ ಪುಕ್ಕಟೆ. ಆಡಿದೆ.
ತಾಮ್ರ ಅಗೆದೆ, ಒಪ್ಪಂದ ಮಾಡಿದೆ, ಮುರಿದೆ,
ಮೀಸೆಯಿದ್ದ ಹಲ್ಲಿಯೊಂದಕ್ಕೆ ಕಪ್ಪ ಕೊಟ್ಟೆ.
ನಲವತ್ತೇಳನೆಯದರಲ್ಲಿ
ನೀಲಿ ಕೊಲ್ಲಿಯ ಗ್ರಹವೊಂದು ಸಿಕ್ಕಿತು,
ನೌಕಾನೆಲೆಗೆ ಹೇಳಿ ಮಾಡಿಸಿದ ಹಾಗೆ.
ನಿವಾಸಿಗಳು: ನಾನೂರ ಹನ್ನೆರಡು.
ಸ್ಥಳಾಂತರಿಸಬೇಕೆ?
ಹೌದು ಒತ್ತಿದೆ. ಟಿಕ್ ಅಂದಿತು.

ನಮ್ಮನ್ನು ಎಬ್ಬಿಸಿದಾಗ ಇಷ್ಟು ಸಣ್ಣ ಸದ್ದಾಗಿರಲಿಲ್ಲ.
ಲಾರಿ ಇತ್ತು. ಅಜ್ಜಿ ಒನಕೆ ಹಿಡಿದುಕೊಂಡು
ಡ್ರೈವರನ ಪಕ್ಕ ಕೂತಿದ್ದಳು.
ಅಪ್ಪ ಮತ್ತೆ ಇಳಿದು ಹೋಗಿ
ಬಾವಿಗೆ ಹಲಗೆ ಮುಚ್ಚಿ ಬಂದ,
ಯಾವುದಾದರೂ ಮಗು ಬಿದ್ದೀತೆಂದು.
ಊರಲ್ಲಿ ಮಕ್ಕಳು ಯಾರೂ ಉಳಿದಿರಲಿಲ್ಲ.

ಐವತ್ತನೇ ಸರದಿಗೆ ಪರದೆ ನಿಂತಿತು.
ನಾನೂರ ಹನ್ನೆರಡು ಜನ ಹಡಗಿನಲ್ಲಿ,
ಎರಡು ನಕ್ಷತ್ರಗಳ ನಡುವೆ.
ತಲುಪಲು ಇನ್ನು ಮೂರು ಸರದಿ.
ಮುಂದೆ ಆಡಲು ಖರೀದಿಸಿ.

ಇದು ವ್ಯಾಪಾರದ ಯುಕ್ತಿ, ಗೊತ್ತು ನನಗೆ.
ಮೇಲೆ ಇವತ್ತಿನ ಮೀನು ಹೊಳೆಯುತ್ತಿರುತ್ತದೆ,
ಕೆಳಗೆ ನಿನ್ನೆಯದು.
ಕೈ ಹಾಕಿ ಅಡಿಯದನ್ನು ತೆಗೆದು ನೋಡಬೇಕು.
ಹಾಕಿದೆ. ಸಿಕ್ಕಿದವರು ಇವರು.

ಭಾನುವಾರ, ಹನ್ನೊಂದು ನಲವತ್ತು.
ಕಾರ್ಡಿನ ನಂಬರು ಹೊಡೆದೆ. ಒಟಿಪಿ ಇಲ್ಲ.
ತಗಡಿನ ಕೆಳಗೆ ಸಿಗ್ನಲ್ ಯಾವತ್ತೂ ಇಲ್ಲ.
ಪ್ಲಾಸ್ಟಿಕ್ ಹೊದ್ದು ಜೆಟ್ಟಿಯ ತುದಿಗೆ ಬಂದೆ.
ಕಟ್ಟಿಹಾಕಿದ ಬೋಟುಗಳು
ಒಂದಕ್ಕೊಂದು ಟಯರು ಉಜ್ಜುತ್ತಿದ್ದವು,
ಆಚೆ ದೀಪಸ್ತಂಭ, ಒಮ್ಮೆ ಬೆಳಕು, ಒಮ್ಮೆ ಬರೀ ಮಳೆ.
ಮೊಬೈಲು ತಲೆಯ ಮೇಲೆ ಎತ್ತಿ ಹಿಡಿದೆ.
ಒಂದು ಗೆರೆ ಬಂತು. ಹೋಯಿತು.

ವಾಚ್‌ಮನ್ ಬಾಬ್ಲೊ ಕೊಡೆಯೊಳಗಿಂದ ಕೂಗಿದ,
‘ಕಡಲಿಂದ ಯಾರಾದರೂ ಬರುವುದಿತ್ತಾ?’
ಹೌದು ಅಂದೆ.
ಎಷ್ಟು ಜನ ಎಂದು ಅವನು ಕೇಳಲಿಲ್ಲ.