ಚಿಲ್ಲರೆ ಬಾಕಿ

ಟಿಕೆಟ್ಟಿನ ಬೆನ್ನಿಗೆ ನಾನು ಬರೆದ ಅಂಕಿಗೆ
ಸಹಿ ಇರಲಿಲ್ಲ, ಸೀಲು ಇರಲಿಲ್ಲ.
ಇಪ್ಪತ್ತೆರಡು ವರ್ಷ ಅದು ನಡೆಯಿತು.
ಕಾರ್ಪೊರೇಷನ್ ಸ್ಟಾಪಿನಲ್ಲಿ "ಮೇಡಂ, ಎಂಟು ರೂಪಾಯಿ" ಎಂದು ಕೈ ಚಾಚಿದರೆ
ಚೀಟಿ ತಿರುವಿ ನೋಡಿ, ಕೊಟ್ಟು, ಗೀಟು ಎಳೆಯುತ್ತಿದ್ದೆ.
ನೀನು ಯಾರು, ನೂರರ ನೋಟು ನಿನಗೆಲ್ಲಿಂದ ಬಂತು
ಎಂದು ಯಾರನ್ನೂ ಕೇಳಿದವಳಲ್ಲ.

ಈಗ ನನ್ನನ್ನು ಕೇಳುತ್ತಿದ್ದಾರೆ.

ಮುಚ್ಚಿಹೋದ ಕ್ರಿಪ್ಟೋ ಎಕ್ಸ್‌ಚೇಂಜು. ಕೋರಮಂಗಲದಲ್ಲಿ
ಗಾಜಿನ ಬಾಗಿಲಿಗೆ ಒಳಗಿಂದ ಅಂಟಿಸಿದ ಹಾಳೆ:
ಹಣ ವಾಪಸಾಗುತ್ತದೆ, ತಮ್ಮದೆಂದು ತೋರಿಸಿದವರಿಗೆ.
ತೋರಿಸುವುದು ಹೇಗೆ ಎಂಬುದಕ್ಕೆ ಇನ್ನೂ ಮೂರು ಹಾಳೆ.
ಎಡಗೈಯಲ್ಲಿ ಆಧಾರ್, ಬಲಗೈಯಲ್ಲಿ ತಾರೀಖು ಬರೆದ ಕಾಗದ,
ಎರಡೂ ಕಿವಿ ಕಾಣುವಂತೆ ಮುಖ.
ಫೋಟೋ ತೆಗೆಯುವ ಮೂರನೇ ಕೈ ಯಾರದೆಂದು ಬರೆದಿಲ್ಲ.
ಪಕ್ಕದ ಮನೆ ಹುಡುಗಿ ತೆಗೆದಳು.
ಕೆಂಪಕ್ಷರದಲ್ಲಿ ಬಂತು: ಮುಖ ಹೊಂದುತ್ತಿಲ್ಲ.
ಹೊಂದದು. ಆಧಾರಿನವಳಿಗೆ ಮೂಗುಬೊಟ್ಟಿತ್ತು.
ಅದನ್ನೂ ಮಾರಿಯೇ ಅಲ್ಲವೆ ಇದನ್ನು ಕೊಂಡದ್ದು.

ಹೆಸರೂ ಹೊಂದದು. ಪಾಸ್‌ಬುಕ್ಕಿನಲ್ಲಿ ಎಚ್ ಮುಂದೆ ಕೂತಿದೆ,
ಪ್ಯಾನಿನಲ್ಲಿ ಹಿಂದಿನ ಸೀಟಿಗೆ ಹೋಗಿದೆ.
ಅರವತ್ನಾಲ್ಕು ಅಕ್ಷರದ ಒಂದು ಸಾಲು ಕೇಳುತ್ತಾರೆ,
ವ್ಯವಹಾರದ ಗುರುತಂತೆ.
ಹುಡುಗಿ ಹುಡುಕಿಕೊಟ್ಟಳು. ಉಸಿರು ಬಿಡದೆ ಓದಿದೆ,
ಎಲ್ಲೂ ಸ್ಟಾಪಿಲ್ಲದ ರೂಟು.

ಅದೆಲ್ಲ ಇರಲಿ. ಖಾತೆ ನನ್ನ ಹೆಸರಲ್ಲಿ,
ದುಡ್ಡು ಹೋದದ್ದು ಮುದ್ದರಂಗಯ್ಯನ ಬ್ಯಾಂಕಿನಿಂದ.
ನನ್ನ ಡ್ರೈವರು. ಒಂಬತ್ತು ವರ್ಷ ಒಂದೇ ಷೆಡ್ಯೂಲು.
ಯಶವಂತಪುರದ ಸಿಗ್ನಲ್ಲಿನಲ್ಲಿ ಗಾಡಿ ನ್ಯೂಟ್ರಲ್ಲಿಗೆ ತಂದು
"ತಾಯೀ, ಏರ್ತಾ ಐತೆ" ಅನ್ನುತ್ತಿದ್ದ.
ಚೀಟಿ ಎತ್ತಿದ್ದೂ ಸೇರಿ ಅರವತ್ತೆರಡು ಸಾವಿರ
ಡಿಪೋದ ನೀರಿನ ಟ್ಯಾಂಕಿನ ಪಕ್ಕ ಎಣಿಸಿಕೊಟ್ಟೆ.
ಅವನ ಫೋನು, ನನ್ನ ಪಾಸ್‌ವರ್ಡು.
"ನಂದೂ ಒಂಚೂರು ಹಾಕೀನಿ" ಅಂದ.
ಒಂಚೂರು ಎಂದರೆ ಎಷ್ಟು, ಕೇಳಲಿಲ್ಲ.
ಸ್ಟೇರಿಂಗು ಅವನದು, ಬ್ಯಾಗು ನನ್ನದು. ಕೇಳುವ ಮಾತೆಲ್ಲಿತ್ತು.
ಆಮೇಲೊಂದು ಬೆಳಗ್ಗೆ ಸೆಕೆಂಡ್ ಟ್ರಿಪ್ಪಿಗೆ ಅವನು ಏಳಲಿಲ್ಲ.

ಟ್ರಂಕು ತೆಗೆದೆ. ಅವತ್ತಿನದೇ ಟಿಕೆಟ್ಟೊಂದರ ಹಿಂದೆ
ಬಾಲ್‌ಪೆನ್ನಿನಲ್ಲಿ ಅವನ ಕೈಬರಹ: ತಾಯಿ, 62.
ಅದು ಗಟ್ಟಿಯಾಗಿದೆ.
ಮುಂಬದಿಗೆ ಮಷೀನು ಹೊಡೆದ ತಾರೀಖು, ಹೊತ್ತು, ಮೊಬಲಗು
ಬಿಸಿಲು ಕುಡಿದು ಬೆಳ್ಳಗಾಗಿವೆ.
ಮಷೀನು ಮರೆತದ್ದನ್ನು ಪೆನ್ನು ನೆನಪಿಟ್ಟರೆ ಅದು ಪುರಾವೆಯಲ್ಲವಂತೆ.

ಅಷ್ಟರಲ್ಲಿ ಮೇಲ್ ಬಂತು: ಇದೇ ಹಣಕ್ಕೆ ಇನ್ನೊಂದು ಅರ್ಜಿಯಿದೆ.
ಅರ್ಜಿದಾರರ ಹೆಸರು ಗೋಪ್ಯ.
ಹೇಳಬೇಕಿರಲಿಲ್ಲ.

ಕಾಂತಮಣಿ ಮೆಜೆಸ್ಟಿಕ್ಕಿಗೆ ಬಂದಳು
ಗಂಡನ ಫೋನನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು.
ಮರಣಪತ್ರ, ವಾರಸುದಾರರ ಪತ್ರ, ಎಲ್ಲ ಲ್ಯಾಮಿನೇಟ್ ಮಾಡಿಸಿದ್ದಳು,
ಸಾವು ನೆನೆಯಬಾರದೆಂಬಂತೆ.
ಓಟಿಪಿ ಬರುವುದು ಅವಳ ಮಡಿಲಿಗೆ, ಪಾಸ್‌ವರ್ಡಿರುವುದು ನನ್ನ ತಲೆಯಲ್ಲಿ.
"ಅಷ್ಟೂ ನಿಮ್ದೇನಾ ಅಕ್ಕಾ?" ಕೇಳಿದಳು.
ಹೌದೆನ್ನಬಹುದಿತ್ತು. ಅವಳಲ್ಲೂ ಲೆಕ್ಕವಿಲ್ಲ.
"ಅವರ್ದೂ ಒಂಚೂರೈತೆ" ಅಂದೆ.
ಆ ಒಂಚೂರನ್ನು ಹಿಡಿದು ಅವಳು
ಮೂರು ಬಸ್ಸು ಬಿಟ್ಟಳು.

ಫಾರಮ್ಮಿನಲ್ಲಿ ಒಂದೇ ಚೌಕ: ಮಾಲೀಕರ ಪೂರ್ಣ ಹೆಸರು.
ಇಬ್ಬರು ಹಿಡಿಸುವುದಿಲ್ಲ.

ಚಿಲ್ಲರೆ ಇಲ್ಲದ ದಿನ ನಾನೇ ಎಷ್ಟು ಸಲ
ಗುರುತಿಲ್ಲದ ಇಬ್ಬರನ್ನು ಒಂದೇ ಸ್ಟಾಪಿನಲ್ಲಿ ಇಳಿಸಿ
ಒಂದೇ ನೋಟನ್ನು ಒಬ್ಬರ ಕೈಗೆ ತುರುಕಿ
"ಹಂಚ್ಕೊಳ್ರೀ" ಎಂದು ರೈಟ್ ಹೇಳಿದ್ದೇನೆ.
ಹಂಚಿಕೊಂಡರೋ, ಒಬ್ಬನೇ ಓಡಿದನೋ,
ಮುರಿಸಲು ಅಂಗಡಿ ಹುಡುಕಿ, ಟೀ ಕುಡಿದೇ ಮುಗಿಸಿದರೋ,
ತಿರುಗಿ ನೋಡಿದವಳಲ್ಲ.

ಕಾಂತಮಣಿ ಗಂಟು ಬಿಚ್ಚಿ ಫೋನು ಬೆಂಚಿನ ಮೇಲಿಟ್ಟಳು.
ಬ್ಯಾಟರಿ ಏಳು ಪರ್ಸೆಂಟು.
"ಮೊದಲಕ್ಷರ ಎಚ್" ಎಂದೆ, "ದೊಡ್ಡದು."
ಅವಳೇ ಒತ್ತಿದಳು.