ಉಬ್ಬಿಲ್ಲದ ಮಸೂರ

(ಗ್ಲಿವೀತ್ಸೆ, ಪೋಲೆಂಡ್)

ಮುಖ ಹಿಂದಕ್ಕಿಡು, ತಿಮೋನ್. ಈ ಕುಲುಮೆಗೆ
ಹೊಸಬರ ಹುಬ್ಬೆಂದರೆ ಬಲು ಇಷ್ಟ.
ಮುನ್ನೂರ ಇಪ್ಪತ್ತು ಡಿಗ್ರಿ. ಒಳಗೆ ಉಪ್ಪು
ನೀರಾಗಿ ನಿಂತಿದೆ, ಹನಿ ನೀರೂ ಇಲ್ಲದೆ.
ಚಿಟಿಕೆ ಬೆಳ್ಳಿ ಹಾಕಿದ್ದೇನೆ; ಹೆಚ್ಚಾದರೆ ಗಾಜು
ಕಾಮಾಲೆಯ ಕಣ್ಣಿನಂತೆ ಹಳದಿಗಟ್ಟುತ್ತದೆ.

ಇದು ಬಿಲ್ಲೆ. ಅಂಚಿನಲ್ಲಿ ಹಿಡಿ.
ಮೇಲೆ ಟೈಟಾನಿಯಂ ಪೊರೆ,
ಪೊರೆಯಲ್ಲಿ ಸಾವಿರದಾರುನೂರು ತೂತು,
ಒಂದೊಂದೂ ಕೂದಲೆಳೆಯಷ್ಟು.
ಎಣಿಸಬೇಡ, ನಾನು ಎಣಿಸಿದ್ದೇನೆ.

ನಿನ್ನ ಪುಸ್ತಕದ ಮಸೂರಕ್ಕೆ ಹೊಟ್ಟೆಯಿದೆ,
ಉಜ್ಜಬೇಕು, ತಿಕ್ಕಬೇಕು, ಕೈ ಸವೆಸಬೇಕು.
ಇದಕ್ಕೆ ಹೊಟ್ಟೆಯಿಲ್ಲ, ಬೆನ್ನಿಲ್ಲ;
ಕಿಟಕಿಯ ಗಾಜಿನಷ್ಟೇ ಸಪ್ಪೆ, ಚಪ್ಪಟೆ.
ಬಾಗುವುದೆಲ್ಲ ಒಳಗೆ.

ಇಳಿಸುತ್ತೇನೆ ಈಗ. ಸದ್ದಿಲ್ಲ, ನೋಡು.
ಗಾಜು ಕರಗದು, ಮೈ ಸಡಿಲಿಸುತ್ತದೆ ಅಷ್ಟೆ.
ಸೋಡಿಯಂ ಒಂದು ಗೂಡು ಬಿಟ್ಟು ಉಪ್ಪಿಗೆ ಹೊರಡುತ್ತದೆ,
ಬೆಳ್ಳಿಯೊಂದು ಒಳಬಂದು ಅದೇ ಗೂಡಿನಲ್ಲಿ ಕೂರುತ್ತದೆ.
ಲೆಕ್ಕಕ್ಕೆ ಲೆಕ್ಕ.
ಮನೆ ಕುಸಿಯುವುದಿಲ್ಲ.
ತೂತಿನ ಬಳಿ ಬೆಳ್ಳಿ ದಟ್ಟ, ದೂರ ಹೋದಂತೆ ವಿರಳ;
ಆ ಇಳಿಜಾರಿನಲ್ಲೇ ಬೆಳಕು ಕಾಲು ಜಾರಿ
ಒಂದು ಬಿಂದುವಿಗೆ ಬಂದು ಬೀಳುತ್ತದೆ.

ಇನ್ನು ಮುಕ್ಕಾಲು ಗಂಟೆ ಕಾಯಬೇಕು.
ಕೂತುಕೋ. ಏನಾದರೂ ಹೇಳಲೇ?

ನಮ್ಮ ಮನೆಯ ಬಾಗಿಲಲ್ಲಿ ಕಾಗದ ತೂರಿಸುವ ಹಿತ್ತಾಳೆ ಸೀಳಿದೆ,
ಅದರ ಮೇಲೆ ಈಗಲೂ ಜರ್ಮನ್ ಅಕ್ಷರ.
ನಲವತ್ತೈದರಲ್ಲಿ ಅಜ್ಜಿ ಲೆಯೊಕಾದಿಯಾ
ಲ್ವೂಫಿನಿಂದ ದನ ಸಾಗಿಸುವ ಬೋಗಿಯಲ್ಲಿ ಬಂದಿಳಿದಾಗ
ಒಲೆಯ ಮೇಲೆ ಯಾರದೋ ಪಾತ್ರೆ,
ತಳದಲ್ಲಿ ಯಾರದೋ ಗಂಜಿಯಿತ್ತಂತೆ.
ಅರ್ಧ ಊರು ಹೋಗಿ ಅರ್ಧ ಊರು ಬಂದ ವರ್ಷ ಅದು.
ಊರಿನ ಹೆಸರೂ ಬದಲಾಯಿತು;
ಟ್ರಾಮ್ ಮಾತ್ರ ಅದೇ ತಿರುವಿನಲ್ಲಿ ಕಿರುಚುತ್ತಿತ್ತು.

ನಗಬೇಡ. ನನಗೂ ಗೊತ್ತು,
ಮನುಷ್ಯರು ಅಯಾನುಗಳಲ್ಲ. ಅಯಾನು ಅಳುವುದಿಲ್ಲ,
ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಹೋಗುವುದಿಲ್ಲ.

ನನಗೆ ಒಂಬತ್ತಾಗಿದ್ದಾಗ ಬೋಖುಮ್‌ನಿಂದ ಒಬ್ಬಾಕೆ ಬಂದರು,
ಇರ್ಮ್‌ಗಾರ್ಡ್ ಅಂತ.
ಕೈಚೀಲ ಎದೆಗವಚಿ ಹೊಸ್ತಿಲಲ್ಲೇ ನಿಂತರು.
ಅಜ್ಜಿಗೆ ಜರ್ಮನ್ ಬಾರದು, ಆಕೆಗೆ ಪೋಲಿಷ್ ಬಾರದು.
ಅಜ್ಜಿ ಸೂಪು ಬಡಿಸಿದಳು.
ಆಕೆ ಒಂದು ಚಮಚ ರುಚಿ ನೋಡಿ, ಎದ್ದು,
ಕಪಾಟಿನ ಎರಡನೇ ಖಾನೆಗೆ ಕೈ ಹಾಕಿ, ಕೇಳದೆ,
ಉಪ್ಪಿನ ಭರಣಿ ತೆಗೆದರು.
ಅದು ಅಲ್ಲೇ ಇತ್ತು. ಐವತ್ತು ವರ್ಷ ಅಲ್ಲೇ ಇತ್ತು.

ಉಪ್ಪಿನ ಋಣ ಅಂತಾರಲ್ಲ,
ಯಾರದು, ಯಾರಿಗೆ, ನನಗೆ ಇನ್ನೂ ತಿಳಿದಿಲ್ಲ.

ಬೆಳ್ಳಿ ಸೋಡಿಯಂಗಿಂತ ತುಸು ದಪ್ಪ, ತಿಮೋನ್.
ಸಣ್ಣವನ ಜಾಗದಲ್ಲಿ ದೊಡ್ಡವ ಕೂತರೆ
ಗಾಜು ಒಳಗೊಳಗೇ ಬಿಗಿಯುತ್ತದೆ;
ತಕ್ಕ ಬೆಳಕಿನಲ್ಲಿ ಹಿಡಿದರೆ ಆ ಬಿಗಿತವೂ ಕಾಣುತ್ತದೆ.
ಹೊರಟುಹೋದ ಸೋಡಿಯಂ ಮಾತ್ರ ಎಲ್ಲೂ ಕಾಣದು.
ಅದು ಈ ಉಪ್ಪಿನಲ್ಲೇ ಎಲ್ಲೋ ಇದೆ.
ಶುಕ್ರವಾರ ಇದನ್ನು ಡ್ರಮ್ಮಿಗೆ ಸುರಿದು ಸಹಿ ಹಾಕುತ್ತೇವೆ.

ಹೂಂ, ಗಂಟೆಯಾಯಿತು. ಎತ್ತು, ನಿಧಾನ.
ಅವಸರಿಸಿದರೆ ಬಿರುಕು.
ಬೆರಳು ಕಪ್ಪಾಯಿತೇ? ನೈಟ್ರೇಟು ಅದು. ತೊಳೆದರೆ ಹೋಗದು,
ಚರ್ಮವೇ ಬದಲಾಗಬೇಕು.

ನಾಳೆ ಪೊರೆ ತೆಗೆದ ಮೇಲೆ
ಕಿಟಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡು:
ಸಾವಿರದಾರುನೂರು ಕಿಟಕಿ,
ಒಂದೊಂದರಲ್ಲೂ ತಲೆಕೆಳಗಾದ ಚಿಮಣಿ,
ಹೊಗೆ ನೆಲದತ್ತ ಏಳುತ್ತಿರುತ್ತದೆ.
ಅದರಲ್ಲಿ ನಮ್ಮ ಮನೆ ಯಾವುದೆಂದು ಕೇಳಬೇಡ.
ಕೈ ನಡುಗದಂತೆ ಹಿಡಿ, ಸಾಕು.