ಹಿಮದ ಗುಂಡಿ

ಗೇರಿನ ಪಕ್ಕ ಒಂದು ಗುಂಡಿ.
ಮೇಲೆ ಆರು ಎಸಳಿನ ಚಿತ್ರ,
ಮಲ್ಲಿಗೆಯೂ ಅಲ್ಲ, ರಂಗೋಲಿಯೂ ಅಲ್ಲ.
ಗಾಡಿ ಮಾರಿದ ಡಾಕ್ಟರು ಕೀಲಿ ಕೊಡುವಾಗ ನಕ್ಕಿದ್ದರು:
'ಅದು ಹಿಮಕ್ಕೆ ಕಣಮ್ಮ. ದಾವಣಗೆರೆಯಲ್ಲಿ ಬಿದ್ದ ದಿನ ಒತ್ತು.'

ಎರಡು ವರ್ಷ ಒತ್ತಲಿಲ್ಲ.
ಧೂಳು ಒರೆಸುವಾಗ ಬಟ್ಟೆಯ ತುದಿ ತಾಗಿದ್ದಷ್ಟೇ.

ಕಾರ್ತಿಕದ ಕೊನೆ, ಬೆಳಗಿನ ನಾಲ್ಕೂವರೆ,
ಬಿಳಿಚೋಡು ದಾಟಿದ್ದೆ. ಹಿಂದಿನ ಸೀಟಿನಲ್ಲಿ
ಪೌಡರು, ಪಿನ್ನು, ಎರಡು ಮೊಳದ ಸುಳ್ಳು ಜಡೆ.
ಜಗಳೂರಿನಾಚೆ ಯಾವುದೋ ಹಳ್ಳಿಯಲ್ಲಿ
ಎಣ್ಣೆಸ್ನಾನ ಮುಗಿಸಿ ಕೂತ ಮದುಮಗಳು,
ಐದು ನಿಮಿಷಕ್ಕೊಮ್ಮೆ ಅವಳ ಸೋದರತ್ತೆಯ ಫೋನು.

ತಿರುವಿನಲ್ಲಿ ಲೈಟು ಬಿದ್ದದ್ದೇ
ರಸ್ತೆ ಹಳದಿ.
ಅರ್ಧ ಡಾಂಬರು, ಅರ್ಧ ಮೆಕ್ಕೆಜೋಳ,
ಅಂಚಿಗೆ ಸಾಲುಗಲ್ಲು, ಕಾಳಿನ ಮೇಲೆ ಇಬ್ಬನಿ.
ಎದುರಿಗೆ ಸೊಪ್ಪೆ ಹೇರಿದ ಟ್ರ್ಯಾಕ್ಟರು, ಒಂದೇ ಕಣ್ಣಿನದು.
ಎಡಕ್ಕೆಳೆದೆ.

ಒಂದೊಂದು ಕಾಳೂ ಒಂದೊಂದು ಗಾಲಿ.
ಸ್ಟೇರಿಂಗು ಸುಮ್ಮನೆ ತಿರುಗಿತು, ಜಾತ್ರೆಯ ಆಟಿಕೆಯದರಂತೆ.
ನಿಂತಾಗ
ಮುಂದಿನ ಚಕ್ರಕ್ಕೂ
ತಾಡಪಾಲಿನಿಂದಾಚೆ ಚಾಚಿದ ಒಂದು ಜೊತೆ ಪಾದಕ್ಕೂ
ಗೇಣು ಅಂತರ.

ತಾಡಪಾಲು ಎದ್ದು ಕೂತಿತು. ಮಂಕಿ ಟೋಪಿ, ಬೀಡಿ, ಪಾಲಯ್ಯ.
ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡೆ.
ಅವನು ಮೊದಲು ಕಾಳು ನೋಡಿದ,
ಆಮೇಲೆ ಕಾಲು ನೋಡಿಕೊಂಡ.
'ಕಣ ಮಾಡಾಕೆ ಜಾಗ ಎಲ್ಲೈತವ್ವ?
ತಪ್ಪು ನಂದೂ ಐತಿ, ನಿಂದೂ ಐತಿ.
ಕಾಳಿನ ಮ್ಯಾಲೆ ಅವಸರ ನಡಿಯಲ್ಲ.'

ಹಿಂದೆ ತೆಗೆದರೆ ಚಕ್ರ ಸುತ್ತಿತು, ಗಾಡಿ ಅಲ್ಲೇ.
ಮುಂದೆ ಒತ್ತಿದರೆ ಕಾಳು ಸಿಡಿದು ಅವನ ಮೊಣಕಾಲಿಗೆ.
ಬೆರಳು ತಾನಾಗಿ ಹೋಯಿತು ಆ ಗುಂಡಿಗೆ.

ನೀಲಿ ಹೂ ಹತ್ತಿತು.
ನಾನು ತುಳಿದಷ್ಟನ್ನೂ ಗಾಡಿ ಕೇಳಲಿಲ್ಲ,
ಅರ್ಧ ಕೇಳಿ ಉಳಿದರ್ಧ ನುಂಗಿಕೊಂಡಿತು,
ಅತ್ತೆಯ ಮಾತಿಗೆ ನಮ್ಮಮ್ಮ ಮಾಡುತ್ತಿದ್ದ ಹಾಗೆ.
ಜಾರುವ ಚಕ್ರವನ್ನು ತಾನೇ ತಡೆದು,
ಕಚ್ಚಿಕೊಂಡ ಚಕ್ರಕ್ಕೆ ಚೂರು ಬಲ ಕೊಟ್ಟು
ಬರಿಗಾಲಲ್ಲಿ ಕಣ ದಾಟುವವರಂತೆ ಹೊರಟಿತು.
ಪಾಲಯ್ಯ ಮುಂದೆ ಮುಂದೆ
ಪಾದದಲ್ಲೇ ಕಾಳು ಸರಿಸುತ್ತ,
ಬೀಡಿಯ ಕೆಂಡ ಅಲ್ಲಾಡಿಸಿ 'ಬಾ, ಬಾ' ಎನ್ನುತ್ತ.
ಡಾಂಬರು ಸಿಕ್ಕ ಮೇಲೆ ಕನ್ನಡಿಯಲ್ಲಿ ನೋಡಿದರೆ
ಆಗಲೇ ಬಗ್ಗಿ
ನನ್ನ ಚಕ್ರದ ಗೆರೆ ಅಳಿಸುತ್ತಿದ್ದ.

'ತಡ ಆತು' ಅಂದರು ಸೋದರತ್ತೆ.
ಹುಡುಗಿಯ ರೆಪ್ಪೆ ಒದ್ದೆ,
ಅತ್ತಿದ್ದಳೋ ನಿದ್ದೆಗೆಟ್ಟಿದ್ದಳೋ ಕೇಳಲಿಲ್ಲ.
ಒದ್ದೆ ರೆಪ್ಪೆಯ ಮೇಲೆ ಕಾಡಿಗೆ ಜಾರುತ್ತದೆ.
ಒತ್ತಲಿಲ್ಲ ನಾನು. ಮಂಗಳವಾದ್ಯದವರು ಶ್ರುತಿ ಹಿಡಿದಿದ್ದರು,
ಹಿಡಿಯಲಿ.

ಮಧ್ಯಾಹ್ನ ವಾಪಸು ಹೆದ್ದಾರಿ, ಸುಡುಬಿಸಿಲು.
ಎಷ್ಟು ತುಳಿದರೂ ಓಡದು.
ಲಾರಿಗಳು ಹಾರನ್ನಿನಲ್ಲೇ ಬೈದುಕೊಂಡು ಹೋದವು.
ಟೈರಿನ ಸಂದಿನಲ್ಲಿ ಒಂದು ಕಾಳು
ಟಕ್ ಟಕ್ ಟಕ್.
ಗಾಡಿಗೇನೋ ಕಾಯಿಲೆ ಅಂದುಕೊಂಡೆ.
ಬಾಡ ಕ್ರಾಸಿನಲ್ಲಿ ಕೆಂಪು ದೀಪಕ್ಕೆ ನಿಂತಾಗ ಕಂಡಿತು,
ನೀಲಿ ಹೂ
ಇನ್ನೂ ಉರಿಯುತ್ತಿದೆ.